ಹೀಲಿಯಂ ಸಿಗದ ಬೇಸಿಗೆ

ಹೋದ ತಿಂಗಳು ಮಿಕ್ಸರ್ ರಿಪೇರಿ ಮಾಡಿಸಲು ಹೈದರಾಬಾದಿನ ನಾಚಾರಂಗೆ ಹೋಗಿದ್ದೆ. ಅಂಗಡಿಯವನು ಅರ್ಧ ಗಂಟೆ ಕಾಯಲು ಹೇಳಿದ. ಹೊರಗೆ ನೆರಳು ಹುಡುಕಿ ನಿಂತಿದ್ದಾಗ ಪಕ್ಕದ ಶೆಡ್ಡಿನಿಂದ ಒಂದು ವಾಸನೆ ಬಂತು. ಕಾದ ವ್ಯಾಕ್ಯೂಮ್ ಪಂಪಿನ ಎಣ್ಣೆಯ ವಾಸನೆ. ಹೊಲಿಗೆ ಮಷೀನಿನ ಎಣ್ಣೆಯನ್ನು ಬಾಣಲೆಗೆ ಹಾಕಿ ಕಾಯಿಸಿದರೆ ಹೇಗಿರುತ್ತದೋ ಹಾಗೆ. ಇಪ್ಪತ್ತು ವರ್ಷಕ್ಕೂ ಮೇಲೆ ನನ್ನ ಅಂಗಿಗಳಲ್ಲಿ ಅದೇ ವಾಸನೆ ಇತ್ತು. ನನ್ನ ಹೆಂಡತಿ ಶಕುಂತಲಾ ಆ ಅಂಗಿಗಳನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದಳು.

ಆ ವಾಸನೆ ಬಂದ ಕೂಡಲೇ ನೆನಪಾಗಬೇಕಾದದ್ದು ಬಹಳ ಇತ್ತು. ನೆನಪಾದದ್ದು ಒಂದೇ ಬೇಸಿಗೆ, ಮತ್ತು ಆ ಬೇಸಿಗೆಯಲ್ಲಿ ನಮ್ಮಲ್ಲಿ ಕೆಲಸಕ್ಕೆ ಸೇರಿದ ನಾಗವೇಣಿ ಎಂಬ ಹುಡುಗಿ. ಆಕೆಯ ಬಗ್ಗೆ ನಾನು ಹೊಟ್ಟೆಕಿಚ್ಚು ಪಟ್ಟಷ್ಟು ಜೀವನದಲ್ಲಿ ಯಾರ ಬಗ್ಗೆಯೂ ಪಟ್ಟಿಲ್ಲ. ಈಗ ಅದನ್ನು ಬರೆದಿಡಬಹುದು ಅನಿಸುತ್ತದೆ.

ನಮ್ಮದು ಸೇಡಂ ಕಡೆಯ ಮನೆತನ. ಅಪ್ಪ ಇಲ್ಲಿನ ಸರಕಾರಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ಬಂದವರು. ನಾನು ಹುಟ್ಟಿದ್ದು, ಬೆಳೆದದ್ದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಇನ್ನೊಂದು ಬೀದಿ ದಾಟಿದರೆ ಉರ್ದು. ಡಿಪ್ಲೊಮಾ ಮುಗಿಸಿ, ಅಲ್ಲಿ ಇಲ್ಲಿ ಕೆಲವು ವರ್ಷ ದುಡಿದು, ನಾಚಾರಂನ ಒಂದು ಗ್ಯಾಸ್ ಕಂಪನಿ ಸೇರಿದೆ. ನಮ್ಮ ಕಂಪನಿ ಎರಡು ಕೆಲಸ ಮಾಡುತ್ತಿತ್ತು. ಒಂದು, ದೊಡ್ಡ ವ್ಯಾಪಾರಿಗಳಿಂದ ಹೀಲಿಯಂ ತಂದು ಸಿಲಿಂಡರುಗಳಿಗೆ ತುಂಬಿ ಮಾರುವುದು. ಇನ್ನೊಂದು, ಆ ಹೀಲಿಯಮ್ಮಿನಿಂದಲೇ ಸೋರಿಕೆ ಹುಡುಕಿಕೊಡುವುದು. ಎರಡನೆಯದು ನನ್ನ ವಿಭಾಗ.

ಸೋರಿಕೆ ಹುಡುಕುವುದು ಅಂದರೆ ಏನು ಎಂದು ಶಕುಂತಲಾಳ ತಂಗಿಯರು ಕೇಳಿದಾಗ ನಾನು ಹೀಗೆ ಹೇಳುತ್ತಿದ್ದೆ: ಗಾಳಿಯೆಲ್ಲ ತೆಗೆದು ಒಳಗೆ ಏನೂ ಇಲ್ಲದಂತೆ ಮಾಡಬೇಕಾದ ಪೆಟ್ಟಿಗೆಗಳಿರುತ್ತವೆ. ಔಷಧ ಒಣಗಿಸುವ ಯಂತ್ರ, ಲೋಹ ಕಾಯಿಸುವ ಕುಲುಮೆ, ಅಂಥವು. ಅವುಗಳಲ್ಲಿ ಕೂದಲಿಗಿಂತ ಸಣ್ಣ ಬಿರುಕಿದ್ದರೂ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಆ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಪೆಟ್ಟಿಗೆಗೆ ನಮ್ಮ ಮಷೀನು ಜೋಡಿಸಿ, ಹೊರಗಿನಿಂದ ಹೀಲಿಯಂ ಬಿಡುತ್ತ ಹೋಗಬೇಕು. ಹೀಲಿಯಂ ಭಾರಿ ಸಣ್ಣ ಕಣ. ಎಲ್ಲಿ ಸಂದಿಯೋ ಅಲ್ಲಿ ಒಳಗೆ ನುಸುಳುತ್ತದೆ, ಮಷೀನು ಕೂಗುತ್ತದೆ. ಅಷ್ಟೇ ಕೆಲಸ. ಆದರೆ ಎಲ್ಲಿಂದ ಶುರು ಮಾಡಬೇಕು, ಎಷ್ಟು ಹೊತ್ತು ಕಾಯಬೇಕು ಅನ್ನುವುದು ಕೈಗೆ ಬರಬೇಕು. ನನಗೆ ಬಂದಿತ್ತು. ಊರಿನ ಯಾವ ಕಾರ್ಖಾನೆಯಲ್ಲಿ ಸೋರಿಕೆಯಾದರೂ ‘ಗಂಗಾಧರ್ ಸಾಬ್ ಕೋ ಬುಲಾವ್’ ಅನ್ನುತ್ತಿದ್ದರು, ನನ್ನನ್ನೇ ಕರೆಸಿ ಎಂದು. ಅದನ್ನು ಕೇಳಿ ಕೇಳಿ ನನಗೂ ಅಭ್ಯಾಸವಾಗಿಬಿಟ್ಟಿತ್ತು.

ಆ ವರ್ಷ ಯುಗಾದಿಯ ಆಸುಪಾಸು ಹೀಲಿಯಂ ಬರುವುದು ನಿಂತಿತು. ನಮ್ಮ ದೇಶದಲ್ಲಿ ಅದು ಹೆಚ್ಚುಕಡಿಮೆ ಹುಟ್ಟುವುದೇ ಇಲ್ಲ. ನೆಲದಾಳದ ಕಲ್ಲುಗಳಲ್ಲಿ ಯುಗಯುಗಗಳಿಂದ ಕೂಡಿದ್ದು, ಬೇರೆ ದೇಶಗಳ ನೈಸರ್ಗಿಕ ಅನಿಲದ ಬಾವಿಗಳಲ್ಲಿ ಅದರ ಜೊತೆ ಬರುತ್ತದೆ. ಅವರು ಬೇರ್ಪಡಿಸಿ, ನೀರಿನಂತೆ ದ್ರವ ಮಾಡಿ, ದೊಡ್ಡ ಥರ್ಮಾಸಿನಂಥ ಟ್ಯಾಂಕುಗಳಲ್ಲಿ ಹಡಗಿಗೆ ಹಾಕುತ್ತಾರೆ. ದಾರಿಯಲ್ಲಿ ತಡವಾದರೆ ಅದು ಕಾದು, ಆವಿಯಾಗಿ ಹೋಗಿಬಿಡುತ್ತದೆ. ಕೊಲ್ಲಿಯ ದೇಶಗಳಲ್ಲಿ ಜಗಳ, ಇನ್ನೊಂದು ಕಡೆ ಒಂದು ಘಟಕ ರಿಪೇರಿಗೆ ನಿಂತಿದೆ, ಹಡಗು ತಡ, ಹೀಗೆ ದಿನಕ್ಕೊಂದು ಸುದ್ದಿ. ನಮಗೆ ತಲುಪಿದ್ದು ಇಷ್ಟೇ: ಮೊದಲು ಬರುತ್ತಿದ್ದುದರ ಕಾಲುಭಾಗವೂ ಇನ್ನು ಬರುವುದಿಲ್ಲ.

ನಮ್ಮ ಮ್ಯಾನೇಜರ್ ಪ್ರಭಾಕರ್ ಸರ್ ಒಂದು ಹಲಗೆ ತಂದು ಗೋಡೆಗೆ ಹೊಡೆದರು. ಮೊದಲು ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರಗಳು, ಅವುಗಳ ಅಯಸ್ಕಾಂತ ದ್ರವ ಹೀಲಿಯಮ್ಮಿನಲ್ಲಿ ಮುಳುಗಿರಬೇಕು. ಆಮೇಲೆ ಔಷಧ ಕಂಪನಿಗಳ ಲ್ಯಾಬುಗಳು. ಆಮೇಲೆ ಸರಕಾರಿ ಕಾರ್ಖಾನೆಗಳು. ಕೊನೆಗೆ ನಮ್ಮ ಟೆಸ್ಟಿಂಗ್. ಬಲೂನಿನವರ ಹೆಸರುಗಳ ಮೇಲೆ ಅಡ್ಡ ಗೀಟು. ಗೀಟು ಎಳೆದದ್ದು ಅವರು, ಅದನ್ನು ಗಿರಾಕಿಗಳಿಗೆ ಹೇಳುವ ಕೆಲಸ ನನ್ನದು. ಉಪ್ಪಲ್ ಸ್ಟೇಡಿಯಂ ಹಿಂದೆ ಡೆಕೊರೇಷನ್ ಅಂಗಡಿ ಇಟ್ಟಿದ್ದ ಜಂಗಯ್ಯ ಎರಡು ಸಲ ಬಂದ. ಎರಡನೆಯ ಸಲ ನಾನು, ‘ಬಲೂನ್ ಇಲ್ಲ ಅಂತ ಯಾರೂ ಸಾಯೋದಿಲ್ಲ ಹೋಗಯ್ಯ’ ಎಂದು ತೆಲುಗಿನಲ್ಲಿ ಹೇಳಿ ಕಳಿಸಿದೆ. ಔಷಧ ಲ್ಯಾಬಿನವರು ಕೂಡ ಕೆಲವು ಯಂತ್ರಗಳನ್ನು ಹೈಡ್ರೋಜನ್ನಿಗೆ ಬದಲಾಯಿಸಿಕೊಂಡರು. ಎಲ್ಲರೂ ಹೇಗೋ ಹೊಂದಿಕೊಳ್ಳುತ್ತಿದ್ದರು. ನಾನೊಬ್ಬ ಹೊಂದಿಕೊಳ್ಳಲಿಲ್ಲ. ನನ್ನ ಕೆಲಸದ ರೀತಿಯೇ ಧಾರಾಳದ್ದು. ಪೈಪು ಹಿಡಿದು ಮೇಲಿನಿಂದ ಕೆಳಗಿನವರೆಗೆ ಬಿಡುತ್ತ ಬರುವುದು, ದೇವರಿಗೆ ಅಭಿಷೇಕ ಮಾಡಿದ ಹಾಗೆ.

ಅದೇ ಹೊತ್ತಿಗೆ ನಾಗವೇಣಿ ಬಂದಳು. ಲಿಂಗಸೂಗೂರಿನವಳು, ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು, ಕಾಂಟ್ರಾಕ್ಟಿನ ಮೇಲೆ. ಮೊದಲ ದಿನ ನನ್ನ ಮೇಜಿನ ಮುಂದೆ ನಿಂತು, “ನಮಸ್ಕಾರ್ರಿ ಅಣ್ಣಾರ. ನೀವು ನಮ್ಮ ಕಡೆಯವ್ರಂತ. ಕೇಳಿ ಭಾಳ ಖುಷಿ ಆತ್ರಿ” ಅಂದಳು. ನನಗೂ ಖುಷಿಯಾಯಿತು. ಆಫೀಸಿನಲ್ಲಿ ಕನ್ನಡ ಕೇಳಿ ವರ್ಷಗಳಾಗಿದ್ದವು. ನಾನೇ ಆಕೆಯನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಇರಾನಿ ಚಹಾ ಕುಡಿಸಿದೆ. ನಾನೇ ಪ್ರಭಾಕರ್ ಸರ್‌ಗೆ, ಈ ಹುಡುಗಿಯನ್ನು ನನ್ನ ವಿಭಾಗಕ್ಕೆ ಕೊಡಿ ಅಂದೆ.

ಆಕೆ ಕೆಲಸ ಮಾಡುವ ರೀತಿ ಬೇರೆ. ಬಂದ ಕೂಡಲೇ ಮಷೀನು ಹಚ್ಚುತ್ತಿರಲಿಲ್ಲ. ಪೆಟ್ಟಿಗೆಯನ್ನು ಒಂದು ಸುತ್ತು ಹಾಕಿ, ವೆಲ್ಡಿಂಗ್ ಗೆರೆಗಳ ಮೇಲೆ ಬೆರಳಾಡಿಸಿ, ಎಲ್ಲಿ ಬಿಚ್ಚಿದ್ದರು, ಎಂದು ಬಿಚ್ಚಿದ್ದರು ಎಂದು ಅಲ್ಲಿನ ಕೆಲಸಗಾರರನ್ನು ಕೇಳುತ್ತಿದ್ದಳು. ಆಮೇಲೆ ಅರ್ಧ ಭಾಗಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿ ಒಳಗೆ ಒಂದಿಷ್ಟು ಹೀಲಿಯಂ ಬಿಡುವಳು. ಮಷೀನು ಕೂಗದಿದ್ದರೆ ಆ ಅರ್ಧ ಬಿಟ್ಟಾಯಿತು. ಉಳಿದ ಅರ್ಧದಲ್ಲಿ ಮತ್ತೆ ಅರ್ಧ. ಕೊನೆಗೆ ಗೇಣು ಜಾಗ ಉಳಿದಾಗ ಫುಟ್‌ಬಾಲಿನ ಬ್ಲಾಡರಿನಲ್ಲಿ ಗ್ಯಾಸು ತುಂಬಿ, ಸಣ್ಣ ನಳಿಗೆ ಇಂಜೆಕ್ಷನ್ ಸೂಜಿ ಸಿಕ್ಕಿಸಿ, ಕಸೂತಿ ಹಾಕುವವಳ ಹಾಗೆ ಕೂತು ಬಿಡುವಳು. ನಾನು ಒಂದು ಸಿಲಿಂಡರಿನಲ್ಲಿ ಮಾಡುತ್ತಿದ್ದ ಕೆಲಸವನ್ನು ಎರಡು ಬ್ಲಾಡರಿನಲ್ಲಿ ಮುಗಿಸುತ್ತಿದ್ದಳು.

ಮೊದಲು ಹೊಗಳಿದೆ. ಎರಡನೆಯ ವಾರ ಸುಮ್ಮನಾದೆ. ಮೂರನೆಯ ವಾರ ಒಂದು ಎಸಿ ಕಾಯಿಲ್ ಕಾರ್ಖಾನೆಯಿಂದ ಫೋನು ಬಂತು. “ಗಂಗಾಧರ್ ಸಾಬ್, ಆಪ್ ತಕ್ಲೀಫ್ ನಕ್ಕೋ ಕರೋ, ಉನೋ ಮೇಡಂ ಕೋ ಭೇಜೋ” ಅಂದರು. ನನಗೆ ತೊಂದರೆ ಬೇಡ, ಮೇಡಂ ಸಾಕು ಎಂದು. ಬಹಳ ಮರ್ಯಾದೆಯಿಂದಲೇ ಹೇಳಿದ್ದು.

ಆಮೇಲೆ ನನಗೆ ಎಲ್ಲವೂ ಆಕೆಯ ಕಡೆಗೇ ವಾಲಿದಂತೆ ಕಾಣತೊಡಗಿತು. ಪ್ರಭಾಕರ್ ಸರ್ ಮೀಟಿಂಗಿನಲ್ಲಿ ಮೊದಲು ಆಕೆಯ ಮುಖ ನೋಡುತ್ತಾರೆ. ಡ್ರೈವರ್ ಆಕೆಗೆ ಮುಂದಿನ ಸೀಟು ಬಿಡುತ್ತಾನೆ. ಆಕೆ ನೋಟ್‌ಬುಕ್ಕಿನಲ್ಲಿ ಪ್ರತಿ ಸೋರಿಕೆಯ ಚಿತ್ರ ಬರೆದಿಡುತ್ತಾಳೆ, ನಾನು ಯಾಕೆ ಒಂದನ್ನೂ ಬರೆದಿಡಲಿಲ್ಲ. ಇಪ್ಪತ್ತು ವರ್ಷದ ಸೋರಿಕೆಗಳು ನನ್ನ ತಲೆಯಲ್ಲಿ ಮಾತ್ರ ಇದ್ದವು. ಅದನ್ನು ಕೇಳುವವರು ಯಾರೂ ಇರಲಿಲ್ಲ.

ಒಂದು ಭಾನುವಾರ ಶಕುಂತಲಾ ಆಕೆಯನ್ನು ಊಟಕ್ಕೆ ಕರೆಸಿದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ನಾಗವೇಣಿ ಸೀದಾ ಅಡುಗೆಮನೆಗೆ ಹೋಗಿ ರೊಟ್ಟಿ ಬಡಿಯಲು ಕೂತಳು. ಇಬ್ಬರೂ ಎಷ್ಟು ನಕ್ಕರೆಂದರೆ ನಾನು ಟಿವಿಯ ಸದ್ದು ಏರಿಸಿದೆ. ಊಟಕ್ಕೆ ಕೂತಾಗ ಶಕುಂತಲಾ, “ಏನ್ ತೆಳ್ಳಗ ಬಡದಾಳ ನೋಡ್ರಿ ರೊಟ್ಟಿ. ನಂಗೂ ಬರಾಂಗಿಲ್ಲ ಹಿಂಗ” ಅಂದಳು.

“ಎಲ್ಲಾದಕ್ಕೂ ಆಕೀನs ಬೇಕು ಈಗ” ಅಂದೆ.

ನಗುತ್ತಲೇ ಹೇಳಿದ್ದೆ. ಆದರೆ ನಾಗವೇಣಿ ತಟ್ಟೆಯಿಂದ ತಲೆ ಎತ್ತಿ ನನ್ನನ್ನು ಒಂದು ಕ್ಷಣ ನೋಡಿದಳು. ಆಕೆ ಹೋದಮೇಲೆ ಶಕುಂತಲಾ ಕೇಳಿದಳು.

“ಯಾಕ್ರಿ, ಆ ಹುಡುಗೀ ಮ್ಯಾಲ ನಿಮಗ ಏನರ ಸಿಟ್ಟೈತೇನು?”

“ಸಿಟ್ಟ್ಯಾಕ? ನನ್ನ ಕೈ ಕೆಳಗಿನಾಕಿ.”

“ಅದಕ್ಕs ಕೇಳಾಕತ್ತೀನಿ” ಅಂದು ತಟ್ಟೆ ಎತ್ತಿಕೊಂಡು ಹೋದಳು.

ಮೇ ತಿಂಗಳಲ್ಲಿ ಬಿಸಿಲು ಎಷ್ಟಿತ್ತೆಂದರೆ ಸಿಲಿಂಡರುಗಳ ಮೇಲೆ ಒದ್ದೆ ಗೋಣಿ ಹೊದಿಸುತ್ತಿದ್ದೆವು. ಆಗಲೇ ಸನತ್‌ನಗರದ ಮೋಯಿನ್ ಸಾಬರ ಕೆಲಸ ಬಂತು. ಮೋಯಿನ್ ಸಾಬ್ ಅರವತ್ತು ದಾಟಿದ ಮನುಷ್ಯ, ಸಣ್ಣ ವರ್ಕ್‌ಶಾಪು, ಹತ್ತು ಹನ್ನೆರಡು ಜನ ಕೆಲಸಗಾರರು. ನನಗೆ ಹಳೆಯ ಸ್ನೇಹಿತರು. ಗೇಟು, ಟ್ಯಾಂಕು ಮಾಡುತ್ತಿದ್ದವರು ಮೊದಲ ಬಾರಿಗೆ ಪುಣೆಯ ಒಂದು ಕಂಪನಿಗೆ ವ್ಯಾಕ್ಯೂಮ್ ಕುಲುಮೆಯ ಕೋಣೆ, ಅಂದರೆ ಬಾಗಿಲಿರುವ ದೊಡ್ಡ ಉಕ್ಕಿನ ಪೆಟ್ಟಿಗೆ, ಮಾಡಿದ್ದರು. ಇದು ಪಾಸಾದರೆ ಇನ್ನೂ ಆರು ಮಾಡಲು ಕೊಡುವ ಮಾತಾಗಿತ್ತು. ಪಾಸಾಗಬೇಕಾದರೆ ಸೋರಿಕೆ ಇಲ್ಲವೆಂದು ಟೆಸ್ಟ್ ಆಗಬೇಕು. ಆದರೆ ಆ ಕೋಣೆಯಲ್ಲಿ ಗಾಳಿ ತೆಗೆದಷ್ಟೂ ಎಲ್ಲಿಂದಲೋ ಬರುತ್ತಲೇ ಇತ್ತು.

ಮೊದಲು ನಾನು ಹೋದೆ. ಒಂದು ಇಡೀ ದಿನ, ಮೇಲಿನಿಂದ ಕೆಳಕ್ಕೆ, ಪ್ರತಿ ಬೆಸುಗೆ, ಪ್ರತಿ ಬೋಲ್ಟು. ಮಷೀನು ಒಮ್ಮೆಯೂ ಕೂಗಲಿಲ್ಲ. ಗಾಳಿ ಮಾತ್ರ ನಿಲ್ಲಲಿಲ್ಲ. ಆ ಬರಗಾಲದಲ್ಲಿ ಮುಕ್ಕಾಲು ಸಿಲಿಂಡರ್ ಖಾಲಿ ಮಾಡಿ, ಬರಿಗೈಲಿ ವಾಪಸು ಬಂದೆ. ಮರುದಿನ ಪ್ರಭಾಕರ್ ಸರ್ ನಾಗವೇಣಿಯನ್ನೂ ಜೊತೆಗೆ ಕಳಿಸಿದರು.

ಆಕೆ ಸಿಲಿಂಡರ್ ಮುಟ್ಟಲೇ ಇಲ್ಲ. ಬಾಗಿಲು ತೆಗೆಸಿ ಕೋಣೆಯೊಳಗೆ ತಲೆ ಹಾಕಿ, ಟಾರ್ಚು ಬಿಟ್ಟು ಸುಮಾರು ಹೊತ್ತು ನೋಡಿದಳು. ಒಳಗೆ ಹೀಟರ್ ಹಿಡಿದಿಡಲು ಸಾಲಾಗಿ ಸ್ಕ್ರೂಗಳಿದ್ದವು.

“ಅಣ್ಣಾರ, ಇದು ಹೊರಗಿಂದ ಬರೋದಲ್ರಿ” ಅಂದಳು. “ಈ ಸ್ಕ್ರೂ ಹಾಕಿದ್ ತೂತು ಆಚೀಕಡೆ ಮುಚ್ಚೈತ್ರಿ. ತಳದಾಗ ಒಂದೀಟು ಗಾಳಿ ಸಿಕ್ಕೊಂಡೈತಿ. ಅದು ಎಳಿ ಎಳಿಯಾಗಿ ಹೊರಗ ಬರಾಕತ್ತೈತಿ. ಹೊರಗ ಎಷ್ಟ್ ಹೀಲಿಯಂ ಬಿಟ್ರೂ ಮಷೀನಿಗೆ ಹ್ಯಾಂಗ ಗೊತ್ತಾಗ್ಬೇಕ್ರಿ?”

ಆಕೆ ಹೇಳಿದ ಕೂಡಲೇ ನನಗೆ ಗೊತ್ತಾಯಿತು, ಅದು ಸರಿ ಎಂದು. ನಾನು ಕಲಿಯುವಾಗ ಓದಿದ್ದ ವಿಷಯವೇ. ಮರೆತಿದ್ದೆ. ಮೋಯಿನ್ ಸಾಬರು ಆ ಸ್ಕ್ರೂಗಳನ್ನು ತೆಗೆಸಿ, ಪ್ರತಿಯೊಂದರ ನಡುವೆ ಸಣ್ಣ ತೂತು ಕೊರೆಸಿ ಮತ್ತೆ ಹಾಕಿಸಿದರು. ಸಂಜೆಯೊಳಗೆ ಕೋಣೆಗೆ ಗಾಳಿ ಬರುವುದು ನಿಂತಿತು. ಸಾಬರು ಆಕೆಯ ತಲೆಯ ಮೇಲೆ ಕೈಯಿಟ್ಟು “ಜೀತೇ ರಹೋ ಬೇಟಾ” ಅಂದರು. ನನ್ನ ಕಡೆ ತಿರುಗಿ, “ಕ್ಯಾ ಶಾಗಿರ್ದ್ ತಯಾರ್ ಕಿಯಾ ಭಾಯ್” ಅಂದರು, ಎಂಥ ಶಿಷ್ಯೆಯನ್ನು ತಯಾರು ಮಾಡಿದಿರಿ ಎಂದು. ನಾನು ಏನೂ ಕಲಿಸಿರಲಿಲ್ಲ. ಆ ಮಾತು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಪುಣೆಯಿಂದ ಇನ್‌ಸ್ಪೆಕ್ಟರ್ ಶನಿವಾರ ಬರುವವನಿದ್ದ. ಅವನ ಎದುರಿಗೆ ಕೊನೆಯ ಟೆಸ್ಟ್, ಸಂಜೆ ನಾಲ್ಕಕ್ಕೆ ಅವನು ಹೊರಡುತ್ತಾನೆ. ನಮ್ಮಲ್ಲಿ ಟೆಸ್ಟಿಂಗಿಗೆಂದು ಉಳಿದಿದ್ದು ಒಂದೇ ಸಿಲಿಂಡರ್. ಪ್ರಭಾಕರ್ ಸರ್ ಅದರ ಮೇಲೆ ಸೀಮೆಸುಣ್ಣದಲ್ಲಿ ‘ಸನತ್‌ನಗರ’ ಎಂದು ಬರೆಸಿ, “ಶನಿವಾರ ನಾಗವೇಣಿ ಚೇಸ್ತುಂದಿ, ಮೀರು ತೋಡು ವೆಳ್ಳಂಡಿ” ಅಂದರು. ಟೆಸ್ಟ್ ಆಕೆಯದು, ನಾನು ಜೊತೆಗೆ.

ಶುಕ್ರವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ನಾನು ಡಬ್ಬಿ ತೆರೆದು ಮತ್ತೆ ಮುಚ್ಚಿದೆ. ಎದ್ದು ಶೆಡ್ಡಿಗೆ ಹೋದೆ. ಕಂಪ್ರೆಸರ್ ಗಡಗಡ ಓಡುತ್ತಿತ್ತು. ಸಿಲಿಂಡರ್ ಗೋಡೆಯ ಸರಪಳಿಗೆ ಕಟ್ಟಿ ನಿಂತಿತ್ತು. ಅದರ ಬಾಯಿಗೆ ಕೀಲಿ ಹಾಕಿ ಕಾಲು ಸುತ್ತು ತಿರುಗಿಸಿದೆ.

ಇದನ್ನು ಮಾಡುವಾಗ ನನಗೆ ತಲೆ ಕೆಟ್ಟಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಲೆಕ್ಕ ಹಾಕಿಯೇ ಮಾಡಿದೆ. ಶನಿವಾರ ಗೇಜು ಸೊನ್ನೆ ತೋರಿಸುತ್ತದೆ. ಸಿಲಿಂಡರನ್ನು ಕೊನೆಗೆ ಪರೀಕ್ಷಿಸಿ ಮುಚ್ಚಿಟ್ಟದ್ದು ಆಕೆ. ಬಾಯಿ ಸರಿಯಾಗಿ ಮುಚ್ಚಿಲ್ಲ ಅನ್ನುತ್ತಾರೆ. ಅಷ್ಟೇ ಸಾಕಿತ್ತು ನನಗೆ. ಹೀಲಿಯಂಗೆ ವಾಸನೆಯಿಲ್ಲ, ಬಣ್ಣವಿಲ್ಲ. ಹಿಸ್ ಎಂಬ ಸದ್ದನ್ನು ಕಂಪ್ರೆಸರ್ ನುಂಗಿತು. ಹೊರಗೆ ಬಿಟ್ಟ ಹೀಲಿಯಂ ಮತ್ತೆ ಯಾರ ಕೈಗೂ ಸಿಗುವುದಿಲ್ಲ, ಮೇಲೆ ಮೇಲೆ ಹೋಗಿ ಭೂಮಿಯನ್ನೇ ಬಿಟ್ಟುಹೋಗುತ್ತದೆ ಎಂದು ನಾನೇ ಹೊಸಬರಿಗೆ ಪಾಠ ಹೇಳುತ್ತಿದ್ದೆ. ನಿಂತು ನೋಡುತ್ತಿದ್ದೆ, ನೋಡಲು ಏನೂ ಇರಲಿಲ್ಲ. ಬಾಯಿಗೆ ಅಂಗೈ ಹಿಡಿದರೂ ಏನೂ ತಾಗದಂತಾದ ಮೇಲೆ ಕೀಲಿ ತಿರುಗಿಸಿ, ಗಟ್ಟಿಯಾಗಿ ಮುಚ್ಚಿ, ಬಂದು ಡಬ್ಬಿ ಪೂರ್ತಿ ಉಂಡೆ.

ಶನಿವಾರ ಬೆಳಿಗ್ಗೆ ಟೆಂಪೊದಲ್ಲಿ ಸನತ್‌ನಗರಕ್ಕೆ ಹೋದೆವು. ಮೋಯಿನ್ ಸಾಬರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಕೆಲಸಗಾರರು ನೆಲ ತೊಳೆದಿದ್ದರು. ಇನ್‌ಸ್ಪೆಕ್ಟರ್ ಹನ್ನೊಂದಕ್ಕೆ ಬಂದ. ನಾಗವೇಣಿ ಗೇಜು ಜೋಡಿಸಿ, ಎರಡೂ ಕೈಯಿಂದ ಕೀಲಿ ಒತ್ತಿ ಸಿಲಿಂಡರಿನ ಬಾಯಿ ತೆರೆದಳು. ಮುಳ್ಳು ಅಲುಗಲಿಲ್ಲ. ಗೇಜನ್ನು ಬೆರಳಿನಿಂದ ತಟ್ಟಿದಳು. ಇನ್ನೊಂದು ಗೇಜು ಹಾಕಿದಳು. ಆಮೇಲೆ ಸಿಲಿಂಡರಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಅದರ ಬಾಯಿಯನ್ನೇ ನೋಡುತ್ತ ಸ್ವಲ್ಪ ಹೊತ್ತು ಇದ್ದಳು.

ಪ್ರಭಾಕರ್ ಸರ್‌ಗೆ ಫೋನು ಮಾಡಿದಳು. ಅವರು ಬೈಯುವುದು ನನಗೂ ಕೇಳುತ್ತಿತ್ತು. “ಹೌದು ಸರ್. ನನ್ನ ಜವಾಬ್ದಾರಿ ಸರ್” ಎಂದಷ್ಟೇ ಅಂದಳು.

ನಾನು ನೋಡಲೆಂದೇ ಹೋಗಿದ್ದೆ. ಅದೇ ದೃಶ್ಯ ನನ್ನ ಮುಂದಿತ್ತು. ಆದರೆ ನಾನು ಲೆಕ್ಕಕ್ಕೆ ಹಿಡಿಯದ ಒಂದು ಸಂಗತಿ ಅಲ್ಲಿತ್ತು. ಮೋಯಿನ್ ಸಾಬರು ಆಕೆಯನ್ನು ಬೈಯಲಿಲ್ಲ, ಇನ್‌ಸ್ಪೆಕ್ಟರನ ಮುಂದೆ ಗೋಗರೆಯಲಿಲ್ಲ. ತಾವು ಮಾಡಿದ ಕೋಣೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಅದರ ಮೇಲೆ ಕೂತಿದ್ದ ದೂಳನ್ನು ಅಂಗೈಯಿಂದ ಒರೆಸತೊಡಗಿದರು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದರು. “ಹೋತಾ ಹೈ ಭಾಯ್” ಅಂದರು ನನಗೆ, ಆಗುತ್ತದೆ ಬಿಡಿ ಎಂದು. ಹನ್ನೆರಡು ಜನ ಕೆಲಸಗಾರರು ಗೋಡೆಗೆ ಒರಗಿ ನಿಂತಿದ್ದರು.

“ನಾಲ್ಕರ ತನಕ ತಡೀರಿ. ಹೀಲಿಯಂ ತರ್ತೀನಿ” ಅಂದೆ. ಯಾರ ಉತ್ತರಕ್ಕೂ ಕಾಯದೆ ಹೊರಬಂದೆ.

ಸನತ್‌ನಗರದಲ್ಲೇ ಮೂರು ಕಡೆ ಕೇಳಿದೆ, ಇರಲಿಲ್ಲ. ಇದ್ದ ಒಬ್ಬರು ಕೊಡಲಿಲ್ಲ. ಆಗ ಜಂಗಯ್ಯನ ನೆನಪಾಯಿತು. ಡೆಕೊರೇಷನ್ನಿನವರು ಮದುವೆ ಕಾಲಕ್ಕೆಂದು ಒಂದಿಷ್ಟು ಉಳಿಸಿಕೊಂಡಿರುತ್ತಾರೆ. ಆಟೊ ಹಿಡಿದು ಊರಿನ ಆ ಮೂಲೆಯಿಂದ ಈ ಮೂಲೆಗೆ, ಉಪ್ಪಲ್ಲಿಗೆ ಹೋದೆ. ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು.

ಜಂಗಯ್ಯ ಅಂಗಡಿಯಲ್ಲಿ ಕೂತು ಕಾಗದದ ಹೂವು ಕಟ್ಟುತ್ತಿದ್ದ. ನನ್ನನ್ನು ನೋಡಿ ಏಳಲಿಲ್ಲ. ಹೀಲಿಯಂ ಇದೆಯಾ ಎಂದು ಕೇಳಿದೆ.

“ಬಲೂನ್ ಲೇಕಪೋತೆ ಎವರೂ ಚಾವರು ಅನ್ನಾರು ಕದಾ ಸಾರ್” ಅಂದ. ಬಲೂನ್ ಇಲ್ಲ ಅಂತ ಯಾರೂ ಸಾಯೋದಿಲ್ಲ ಅಂದಿದ್ದಿರಲ್ಲ. ನನ್ನ ಮಾತನ್ನು ಅಕ್ಷರ ಬಿಡದೆ ಇಟ್ಟುಕೊಂಡಿದ್ದ.

ತಪ್ಪಾಯಿತು ಅಂದೆ. ಅವನು ಹೂವು ಕಟ್ಟುತ್ತಲೇ ಇದ್ದ. ಅರ್ಧ ಸಿಲಿಂಡರ್ ಇದೆ, ತಂಗಿಯ ಮಗುವಿನ ಮೊದಲ ಹುಟ್ಟುಹಬ್ಬ ನಾಳೆ, ಅದಕ್ಕೆ ಇಟ್ಟದ್ದು, ಅಂದ. ಅಷ್ಟು ದೊಡ್ಡ ಕಂಪನಿಯಲ್ಲಿ ಒಂದೂ ಇಲ್ಲವಾ, ಏನಾಯಿತು, ಎಂದು ಕೇಳಿದ.

ಏನಾದರೂ ಹೇಳಬಹುದಿತ್ತು. “ಒಂದಿತ್ತು. ನಾನೇ ಬಿಟ್ಟುಬಿಟ್ಟೆ” ಅಂದೆ. “ನಮ್ಮಲ್ಲೊಬ್ಬಳು ಹುಡುಗಿ ಇದ್ದಾಳೆ. ನನಗಿಂತ ಚೆನ್ನಾಗಿ ಕೆಲಸ ಮಾಡುತ್ತಾಳೆ. ಅವಳಿಗೆ ಕೆಟ್ಟ ಹೆಸರು ಬರಲಿ ಎಂದು.”

ಜಂಗಯ್ಯನ ಕೈ ನಿಂತಿತು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಹೆಂಡತಿ ಮಕ್ಕಳಿಗೆ ಹೇಳಬೇಕಾದ್ದನ್ನು ಇವನು ತನಗೆ ಹೇಳುತ್ತಿದ್ದಾನಲ್ಲ ಅನಿಸಿರಬೇಕು. ಎಷ್ಟು ಬೇಕು ಎಂದು ಕೇಳಿದ.

“ನಾನು ಮಾಡಿದರೆ ನಿನ್ನ ಸಿಲಿಂಡರ್ ಪೂರ್ತಿ ಬೇಕು. ಅವಳಿಗಾದರೆ ಮೂರು ಬಲೂನ್ ಸಾಕು.”

ಅವನು ಮೂರು ಬೆಳ್ಳಿ ಬಣ್ಣದ ನಕ್ಷತ್ರದ ಬಲೂನುಗಳನ್ನು ತುಂಬಿ, ದಾರ ಕಟ್ಟಿ ನನ್ನ ಕೈಗೆ ಕೊಟ್ಟ. ಏನೂ ತೆಗೆದುಕೊಳ್ಳಲಿಲ್ಲ. ಐವತ್ತೊಂದು ವರ್ಷದ ನಾನು ಆ ಮೂರನ್ನೂ ಎದೆಗೆ ಒತ್ತಿ ಹಿಡಿದುಕೊಂಡು ಆಟೊದಲ್ಲಿ ವಾಪಸು ಹೊರಟೆ. ಸಿಗ್ನಲ್ಲಿನಲ್ಲಿ ಪಕ್ಕದ ಬಸ್ಸಿನವರು ಕಿಟಕಿಯಿಂದ ನೋಡುತ್ತಿದ್ದರು. ಯಾರ ಹುಟ್ಟುಹಬ್ಬ ಎಂದು ಆಟೊದವನು ಕೇಳಿದ.

ಮುಟ್ಟಿದಾಗ ಎರಡೂವರೆ. ನಾಗವೇಣಿ ಬಲೂನುಗಳನ್ನು ನೋಡಿದಳು, ನನ್ನನ್ನು ನೋಡಿದಳು, ನಗಲಿಲ್ಲ. “ಇದರಾಗ ಗಾಳೀನೂ ಒಂದೀಟು ಕೂಡಿರ್ತೈತ್ರಿ. ಆದ್ರೂ ನಡೀತೈತಿ” ಅಂದಳು. ಪ್ಲಾಸ್ಟಿಕ್ ಹಾಳೆ ಮೊದಲೇ ಸುತ್ತಿ ಸಿದ್ಧ ಮಾಡಿಕೊಂಡಿದ್ದಳು. ಮೊದಲ ಬಲೂನಿನಿಂದ ಮಷೀನು ಸರಿಯಾಗಿ ಹೇಳುತ್ತದೋ ಇಲ್ಲವೋ ಎಂದು ಇನ್‌ಸ್ಪೆಕ್ಟರನಿಗೆ ತೋರಿಸಿದಳು. ಎರಡನೆಯದರಿಂದ ಇಡೀ ಕೋಣೆ ಮುಗಿಸಿದಳು. ಮಷೀನು ಕೂಗಲಿಲ್ಲ. ಮೂರೂವರೆಗೆ ಇನ್‌ಸ್ಪೆಕ್ಟರ್ ಕಾಗದಕ್ಕೆ ಸಹಿ ಹಾಕಿದ. ಮೋಯಿನ್ ಸಾಬರು ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡರು. ಮೂರನೆಯ ಬಲೂನು ಶೆಡ್ಡಿನ ತಗಡಿಗೆ ತಾಗಿಕೊಂಡು ಉಳಿಯಿತು.

ವಾಪಸು ಬರುವಾಗ ಟೆಂಪೊದ ಹಿಂದೆ, ಮಷೀನಿನ ಎರಡು ಪಕ್ಕದಲ್ಲಿ ನಾವಿಬ್ಬರೇ ಕೂತಿದ್ದೆವು.

“ಅಣ್ಣಾರ, ಒಂದ್ ಮಾತು ಕೇಳ್ಲೇನ್ರಿ?” ಅಂದಳು. “ನಾ ಬಾಯಿ ಸಡ್ಲ ಬಿಟ್ಟು ಸೋರಿದ್ರ, ಇವತ್ತ ಅದು ಸಡ್ಲs ಇರ್ಬೇಕಲ್ರಿ? ಗಟ್ಟಿಯಾಗಿ ಮುಚ್ಚಿತ್ತು. ನನ್ನ ಕೈಲೆ ತೆಗಿಯಾಕ ಬರವಲ್ದಾಗಿತ್ತು.”

ಇಪ್ಪತ್ತು ವರ್ಷದ ರೂಢಿ. ಕೆಲಸವಾದ ಮೇಲೆ ಬಾಯಿ ಗಟ್ಟಿಯಾಗಿ ಮುಚ್ಚಬೇಕು.

“ಗೊತ್ತಿದ್ದೂ ಮತ್ತ ಪ್ರಭಾಕರ್ ಸರ್‌ಗೆ ನಿನ್ನ ಜವಾಬ್ದಾರಿ ಅಂದ್ಯಲ್ಲ?”

“ಆಗ ಯಾರಂತ ಗೊತ್ತಿರಲಿಲ್ರಿ. ನೀವು ಬಲೂನ್ ಹಿಡ್ಕೊಂಡು ಬಂದಾಗ ಗೊತ್ತಾತು.”

ಟೆಂಪೊ ಒಂದು ಫ್ಲೈಓವರ್ ಹತ್ತಿ ಇಳಿಯಿತು.

“ನಾ ಹೇಳಾಂಗಿಲ್ರಿ ಅಣ್ಣಾರ” ಅಂದಳು. “ಆದ್ರ ನಂದು ಕಾಂಟ್ರಾಕ್ಟ್ ಐತ್ರಿ. ಮುಂದಿನ ತಿಂಗಳ ಮುಗೀತೈತಿ. ನೀವು ಹೇಳ್ಲಿಲ್ಲಂದ್ರ ಅದು ನನ್ನ ಹೆಸರಿಗೇ ಉಳೀತೈತ್ರಿ.”

ಸೋಮವಾರ ಬೆಳಿಗ್ಗೆ ಪ್ರಭಾಕರ್ ಸರ್ ಕೋಣೆಗೆ ಹೋಗಿ ಹೇಳಿದೆ. ಬಾಗಿಲ ಹತ್ತಿರ ನಿಂತು ಹೇಳಿದೆ, ಕೂರಲು ಅವರೂ ಹೇಳಲಿಲ್ಲ. ಅವರು ಕೂಗಾಡುತ್ತಾರೆ ಅಂದುಕೊಂಡಿದ್ದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಈ ವರ್ಷವೇನಾ ಗಂಗಾಧರ್? ಬೇರೆ ವರ್ಷವಾದರೂ ಮಾಡಬಹುದಿತ್ತಲ್ಲ” ಎಂದು ತೆಲುಗಿನಲ್ಲಿ ಅಂದರು, ಬಹಳ ಸುಸ್ತಾದವರ ಹಾಗೆ. ಕೆಲಸದಿಂದ ತೆಗೆಯಲಿಲ್ಲ. ಟೆಸ್ಟಿಂಗಿನಿಂದ ತೆಗೆದು ಸ್ಟೋರಿಗೆ ಹಾಕಿದರು. ನಾಗವೇಣಿಯ ಕಾಂಟ್ರಾಕ್ಟ್ ಮುಂದುವರಿಯಿತು, ವಿಭಾಗ ಆಕೆಯ ಕೈಗೆ ಹೋಯಿತು. ಮಷೀನಿನ ಪೆಟ್ಟಿಗೆಯ ಕೀಲಿಯನ್ನು ನಾನೇ ಕೊಡಬೇಕಾಯಿತು. ಆಕೆ ಎರಡೂ ಕೈ ಚಾಚಿ ತೆಗೆದುಕೊಂಡಳು. ಹಾಗೆ ತೆಗೆದುಕೊಂಡದ್ದಕ್ಕೂ ನನಗೆ ಸಿಟ್ಟು ಬಂತು.

ಶಕುಂತಲಾಳಿಗೆ ಹೇಳಲು ಮತ್ತೆರಡು ದಿನ ಬೇಕಾಯಿತು. ಆಕೆ ಪೂರ್ತಿ ಕೇಳಿ, “ಆ ಹುಡುಗಿ ಇನ್ನ ನಮ್ಮನಿಗೆ ಬರಾಂಗಿಲ್ಲ” ಎಂದು ಮಾತ್ರ ಅಂದಳು. ನಿಜವೇ. ನಾಗವೇಣಿ ಮತ್ತೆ ಬರಲಿಲ್ಲ. ಅವರಿಬ್ಬರೂ ಫೋನಿನಲ್ಲಿ ಮಾತಾಡುತ್ತಿದ್ದರು, ನಾನಿಲ್ಲದಾಗ.

ಜೂನ್ ಎರಡನೆಯ ವಾರ ಮೊದಲ ಮಳೆ ಬಿತ್ತು. ಅದಾದ ಮೇಲೆ ಹಡಗೂ ಬಂತು. ಸ್ಟೋರಿನಲ್ಲಿ ನಿಂತು ತುಂಬಿದ ಸಿಲಿಂಡರುಗಳನ್ನು ಇಳಿಸಿಕೊಂಡೆ. ಜಂಗಯ್ಯನ ಹೆಸರಿನ ಮೇಲಿದ್ದ ಗೀಟನ್ನು ನಾನೇ ಅಳಿಸಿ, ಮೊದಲ ಲೋಡಿನಲ್ಲೇ ಅವನಿಗೆ ಒಂದನ್ನು ಕಳಿಸಿದೆ. ಮೋಯಿನ್ ಸಾಬರಿಗೆ ಆ ಆರೂ ಕೋಣೆಗಳ ಕೆಲಸ ಸಿಕ್ಕಿತು. ಅವರಿಗೆ ಇವತ್ತಿಗೂ ಏನೂ ಗೊತ್ತಿಲ್ಲ. ಅದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ.

ಎರಡು ವರ್ಷದ ಮೇಲೆ ನಾಗವೇಣಿ ಬೇರೆ ಊರಿನ ಒಂದು ಪ್ರಯೋಗಾಲಯಕ್ಕೆ ಹೋದಳು. ಅಲ್ಲಿ ಲೋಹಗಳನ್ನು ಊಹೆಗೂ ಮೀರಿ ತಂಪು ಮಾಡುತ್ತಾರಂತೆ. ಅದಕ್ಕೆ ಬೇಕಾದದ್ದು ಹೀಲಿಯಮ್ಮಿನದೇ ಇನ್ನೊಂದು ರೂಪ, ಹೀಲಿಯಂ ಮೂರು ಅನ್ನುತ್ತಾರೆ, ಇನ್ನೂ ಹಗುರ. ಬಾವಿಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಅಣುಸ್ಥಾವರಗಳಲ್ಲಿ ಸಿಗುವ ಟ್ರಿಟಿಯಂ ಎಂಬ ಅನಿಲ ವರ್ಷಗಟ್ಟಲೆ ತಾನಾಗಿ ಕ್ಷಯಿಸುವಾಗ ಹನಿ ಹನಿಯಾಗಿ ಹುಟ್ಟುತ್ತದೆ. ಜಗತ್ತಿನಲ್ಲಿ ಕೊಡುವವರು ಬೆರಳೆಣಿಕೆಯವರು, ಕೇಳುವವರು ಸಾಲುಗಟ್ಟಿ ನಿಂತಿದ್ದಾರೆ. ಇದೆಲ್ಲ ಶಕುಂತಲಾಳ ಮೂಲಕ ನನಗೆ ಬಂದ ಸುದ್ದಿ.

ಕೆಲವು ವರ್ಷಗಳ ಮೇಲೆ ಅಲ್ಲಿಂದ ಒಂದು ಮಧ್ಯಾಹ್ನ ನೇರವಾಗಿ ನನಗೇ ಫೋನು ಬಂತು. ಆಗ ನಾನು ನಿವೃತ್ತನಾಗಿ ಕೆಲವೇ ತಿಂಗಳಾಗಿತ್ತು.

“ಅಣ್ಣಾರ, ಒಂದು ಸೋರಿಕೆ ಸಿಗವಲ್ದ್ರಿ” ಅಂದಳು. “ನಾಲ್ಕು ದಿನಾ ಆತು. ಹೀಲಿಯಂ ಮೂರು ಹೋಗಾಕತ್ತೈತಿ. ಬೆಚ್ಚಗಿದ್ದಾಗ ಟೆಸ್ಟ್ ಮಾಡಿದ್ರ ಎಲ್ಲಾ ಸರಿ ಐತ್ರಿ, ಒಂದ್ ಚೂರೂ ಇಲ್ಲ. ನೀವು ಇದ್ರ ಏನ್ ಮಾಡ್ತಿದ್ರಿ?”

ಕೇಳುತ್ತಿದ್ದಂತೆಯೇ ನನಗೆ ಗೊತ್ತಾಯಿತು. ತುಂಬಾ ಹಿಂದೆ, ದ್ರವ ಸಾರಜನಕದ ಕೊಳವೆಯೊಂದರಲ್ಲಿ ಅಂಥದನ್ನು ಕಂಡಿದ್ದೆ. ಎರಡು ಬೇರೆ ಲೋಹ ಕೂಡುವ ಬೆಸುಗೆ. ತಂಪಾದಾಗ ಒಂದು ಹೆಚ್ಚು ಕುಗ್ಗುತ್ತದೆ, ಒಂದು ಕಡಿಮೆ, ನಡುವೆ ಬಾಯಿ ಬಿಡುತ್ತದೆ. ಬೆಚ್ಚಗಾದರೆ ಮತ್ತೆ ಕೂಡಿಕೊಳ್ಳುತ್ತದೆ. ತಂಪು ಮಾಡುತ್ತ ಮಾಡುತ್ತಲೇ ಹುಡುಕಬೇಕು. ಆಕೆಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ನಾನು ಸ್ವಲ್ಪ ಹೊತ್ತು ಏನೂ ಹೇಳದೆ ಫೋನು ಹಿಡಿದು ಕೂತೆ. ಆ ಸ್ವಲ್ಪ ಹೊತ್ತು ಎಷ್ಟು ಹಿತವಾಗಿತ್ತೆಂದು ಈಗಲೂ ಒಪ್ಪಿಕೊಳ್ಳುತ್ತೇನೆ. ಶಕುಂತಲಾ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು.

ಆಮೇಲೆ ಹೇಳಿದೆ. ಎಲ್ಲಿ ನೋಡಬೇಕು, ಹೇಗೆ ತಂಪು ಮಾಡುತ್ತ ಹೋಗಬೇಕು, ಎಲ್ಲ ಬಿಡಿಸಿ ಹೇಳಿದೆ. ಆಕೆ ಬರೆದುಕೊಳ್ಳುವ ಸದ್ದು ಕೇಳುತ್ತಿತ್ತು.

ಮರುದಿನ ಸಂಜೆ ಮತ್ತೆ ಫೋನು. ನಾನು ಹೇಳಿದ ಬೆಸುಗೆಯಲ್ಲೇ ಸಿಕ್ಕಿತಂತೆ. “ನಮ್ಮ ಹೈದರಾಬಾದಿನ ಗುರುಗಳು ಹೇಳಿಕೊಟ್ಟಿದ್ದು ಅಂತ ಇಲ್ಲಿ ಎಲ್ಲಾರಿಗೂ ಹೇಳೇನ್ರಿ” ಅಂದಳು.

ಒಳ್ಳೇದಾತವ್ವ ಅಂದೆ. ನಿಜವಾಗಿಯೂ ಒಳ್ಳೆಯದೇ ಅನಿಸಿತು. ಅದರ ಬೆನ್ನಿಗೇ ಅನಿಸಿದ್ದು ಇನ್ನೊಂದು: ಆ ಬೆಸುಗೆಯ ಮುಂದೆ ಸೂಜಿ ಹಿಡಿದು ಕೂತಾಗ ಮಷೀನು ಕೂಗಿತಲ್ಲ, ಆ ಹೊತ್ತಿಗೆ ಅಲ್ಲಿ ನಾನಿರಬೇಕಿತ್ತು, ಆಕೆಯಲ್ಲ.